ನೂಡಲ್ಸ್ ಮುಗಿದ ಮೇಲೆ ಬಂದ ಸೂಪು

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿರುವ ಚೈನೀಸ್ ಹೋಟೆಲಿಗೆ ನಮ್ಮ ಮನೆಯವರೆಲ್ಲ ಹನ್ನೊಂದು ವರ್ಷಗಳಿಂದ ಹೋಗುತ್ತಿದ್ದೇವೆ. ಕ್ಯಾತಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನನ್ನ ತಾಯಿ ಮೊದಲ ಸಲ ಸೋಯಾ ಸಾಸಿನ ವಾಸನೆಗೆ ಮೂಗು ಮುರಿದಿದ್ದರೂ, ಎರಡನೆಯ ಸಲ ತಾವೇ ಗೋಬಿ ಮಂಚೂರಿಯನ್ ಕೇಳಿದ್ದರು. ಹೆಸರು ಮಂಚೂರಿಯಾದ್ದಾದರೂ ಆ ಅಡುಗೆ ನಮ್ಮ ದೇಶದ್ದೇ; 1970ರ ದಶಕದಲ್ಲಿ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಬೆರೆಸಿ ಮಾಡಿದ ಕೋಳಿಯ ಖಾದ್ಯವೇ ಅದರ ಮೂಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ತಾಯಿಗೆ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಮ್ಮನ್ನು ಅಲ್ಲಿಗೆ ಮತ್ತೆ ಮತ್ತೆ ಕರೆದೊಯ್ದದ್ದು ರುಚಿಗಿಂತ ಹೆಚ್ಚಾಗಿ ಬಡಿಸುವ ರೀತಿ. ಡಾರ್ಜಿಲಿಂಗ್ ಕಡೆಯಿಂದ ಬಂದು ನಮ್ಮೂರ ಕನ್ನಡವನ್ನೇ ಕಲಿತಿದ್ದ ಒಬ್ಬ ಸಪ್ಲೈಯರ್, ಸೂಪಿನ ಬಟ್ಟಲು ಖಾಲಿಯಾಗುವ ಹೊತ್ತಿಗೆ ಅಡುಗೆಮನೆಯ ಕಿಂಡಿಯತ್ತ ನೋಡಿ ಸನ್ನೆ ಮಾಡುತ್ತಿದ್ದನು. ಆಮೇಲಷ್ಟೇ ಗೋಬಿ ಬಾಣಲೆಗೆ ಬೀಳುತ್ತಿತ್ತು. ಕಾರ್ನ್ ಫ್ಲೋರ್ ಮತ್ತು ಮೈದಾದ ಹೊದಿಕೆ ಸಾಸಿನಲ್ಲಿ ಹೊರಳಿದ ಮೇಲೆ ಗರಿಗರಿಯಾಗಿ ಉಳಿಯುವುದು ಕೆಲವೇ ನಿಮಿಷವಾದ್ದರಿಂದ ಆ ಸನ್ನೆಗೆ ಬೆಲೆಯಿತ್ತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯನ್‌ಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದಾಗಲೂ, ಕಂದು ಬಣ್ಣದ ಗೋಬಿಯನ್ನು ಪ್ರತಿ ಮೇಜಿಗೂ ತಂದಿಟ್ಟು, "ಬಣ್ಣ ಹಾಕಿಲ್ಲ ಸಾರ್, ರುಚಿ ಅದೇ ನೋಡಿ" ಎಂದು ಆತನೇ ವಿವರಿಸಿದ್ದನು.

ಆತ ಈಗಿಲ್ಲ, ಊರಿಗೆ ಹೋದವನು ಮರಳಲಿಲ್ಲವಂತೆ. ಅವನೊಬ್ಬನ ಗೈರುಹಾಜರಿಯಿಂದಲೇ ಎಲ್ಲವೂ ಕೆಟ್ಟಿತೆಂದು ನಾನು ನಂಬುವುದಿಲ್ಲ. ಹದಿನಾಲ್ಕು ಮೇಜುಗಳಿಗೆ ನಾಲ್ವರಿದ್ದ ಜಾಗದಲ್ಲಿ ಈಗ ಇಬ್ಬರು ಹುಡುಗರಿದ್ದಾರೆ, ಮತ್ತು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಆ್ಯಪ್ ಆರ್ಡರಿನ ಚೀಲಗಳಿಗಾಗಿ ಹೆಲ್ಮೆಟ್ ಧರಿಸಿದವರು ಸಾಲುಗಟ್ಟಿ ನಿಂತಿರುತ್ತಾರೆ. ಕಳೆದ ತಿಂಗಳ ಭಾನುವಾರ ನೀರು ಕೇಳಿ ಮೂರು ಸಲ ಕೈಯೆತ್ತಿದ ಮೇಲೆ ನಾನೇ ಎದ್ದು ಜಗ್ ತಂದೆನು. ಮೊದಲು ನೂಡಲ್ಸ್ ಬಂದಿತು, ಅದು ಮುಗಿಯುವಾಗ ಹಾಟ್ ಅಂಡ್ ಸೋರ್ ಸೂಪು ಬಂದಿತು, ಯಾವಾಗಲೋ ಕರಿದಿಟ್ಟು ಸಾಸಿಗೆ ಹಾಕಿದ್ದ ಗೋಬಿ ಬಿಲ್ಲಿನ ಜೊತೆಗೇ ಬಂದಿತು. ಆ ಹುಡುಗರನ್ನು ದೂರಲು ಮನಸ್ಸಾಗಲಿಲ್ಲ, ಅವರು ಓಡುತ್ತಲೇ ಇದ್ದರು. ಮಾಲೀಕರಿಗೆ ಹೇಳಿದಾಗ ಅವರು ಮೊಬೈಲಿನಿಂದ ಕಣ್ಣೆತ್ತದೆ, "ಸಂಡೇ ರಶ್ಶು ಸಾರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು.

ಪಾರ್ಸೆಲ್ ವ್ಯಾಪಾರ ಬೇಡವೆನ್ನುವಷ್ಟು ಅವಿವೇಕಿ ನಾನಲ್ಲ; ಬಾಡಿಗೆ ಕಟ್ಟುವವರಿಗೆ ಅದರ ಲೆಕ್ಕ ಗೊತ್ತಿರುತ್ತದೆ. ನನ್ನ ತಕರಾರಿರುವುದು ಒಂದೇ ಒಲೆಯ ಮುಂದೆ ಹಸಿದು ಕುಳಿತವನು ದೂರದಲ್ಲಿ ಗುಂಡಿ ಒತ್ತಿದವನ ಹಿಂದೆ ಸಾಲಿನಲ್ಲಿ ನಿಲ್ಲಬೇಕಾದ ವ್ಯವಸ್ಥೆಯ ಬಗ್ಗೆ. ಮೇಜುಗಳ ಆರ್ಡರಿಗೆಂದು ಒಂದು ಬರ್ನರ್ ಪ್ರತ್ಯೇಕವಾಗಿಟ್ಟರೂ ಸಾಕಿತ್ತು.

ಮುಂದಿನ ಭಾನುವಾರ ತಾಯಿ ಮತ್ತೆ ಗೋಬಿಯ ಆಸೆ ಹೇಳಿದಾಗ, ಸಂಕೋಚದಿಂದಲೇ ಹೇಳುತ್ತೇನೆ, ನಾನೂ ಆ್ಯಪಿನಲ್ಲಿ ಗುಂಡಿ ಒತ್ತಿದೆನು. ಇಪ್ಪತ್ತೈದು ನಿಮಿಷಕ್ಕೆ ಚೀಲ ಬಾಗಿಲಿಗೆ ಬಂದಿತು. ಮುಚ್ಚಳ ತೆಗೆದರೆ ತನ್ನದೇ ಹಬೆಯಲ್ಲಿ ಬೆವರಿ ಮೆತ್ತಗಾಗಿದ್ದ ಗೋಬಿ. ತಾಯಿ ಏನೂ ಹೇಳದೆ ಒಲೆ ಹಚ್ಚಿ ಕಬ್ಬಿಣದ ಬಾಣಲೆ ಇಟ್ಟರು.