ಒಂದೆಳೆ ಪಾಕ

ಆಷಾಢದಲ್ಲಿ ಶಿವಮೊಗ್ಗದ ನಮ್ಮ ವರ್ಕ್‌ಶಾಪಿನ ತಗಡಿನ ಮೇಲೆ ಮಳೆ ಹುಯ್ಯತೊಡಗಿದರೆ ಮೇಷ್ಟ್ರ ಮಾತು ಎರಡನೇ ಬೆಂಚಿಗೂ ತಲುಪುತ್ತಿರಲಿಲ್ಲ. ಬೋರ್ಡಿನ ಮೇಲಿನ ಸೂತ್ರ ಮಾತ್ರ ಕಾಣುತ್ತಿತ್ತು. ಹೇಗನ್–ಪ್ವಾಸೇಯ ಸೂತ್ರ: ಸಣ್ಣ ಕೊಳವೆಯಲ್ಲಿ ಹರಿಯುವ ಮಂದ ದ್ರವದ ಪ್ರಮಾಣ ಕೊಳವೆಯ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ದ್ರವ ಮಂದವಾದಷ್ಟೂ ಇಳಿಯುತ್ತದೆ. ಪರೀಕ್ಷೆಗೆ ಬರುತ್ತದೆಂದು ಬಾಯಿಪಾಠ ಮಾಡಿ ಮರೆತವರೇ ಹೆಚ್ಚು. ಆ ನಾಲ್ಕನೇ ಘಾತದ ಮೇಲೆಯೇ ಗಾಜಿನ ನೂಲಿನ, ಅಂದರೆ ಫೈಬರ್‌ಗ್ಲಾಸಿನ, ಉದ್ಯಮ ನಿಂತಿದೆ. ಕಾಲೇಜಿನ ಸಂಚಿಕೆಗೆ ಓದಿದ ದಿನಗಳ ನೆನಪು ಬರೆದುಕೊಡಿ ಎಂದಿದ್ದೀರಿ. ಕ್ಯಾಂಟೀನು, ಕ್ರಿಕೆಟ್ಟು ಬೇರೆಯವರು ಬರೆಯುತ್ತಾರೆ. ಇಲ್ಲಿ ಆ ಸೂತ್ರ ಕಾರ್ಖಾನೆಯಲ್ಲಿ ಏನಾಗುತ್ತದೆ ಎಂಬುದಷ್ಟೇ ಇದೆ.

1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಮಗ್ಗುಲಲ್ಲಿ ಓದಿದವರಿಗೆ ಕರಗಿದ ಲೋಹದ ಸ್ವಭಾವ ಗೊತ್ತಿರುತ್ತದೆ. ಅದು ನೀರಿನ ಹಾಗೆ ಹರಿಯುತ್ತದೆ, ತಣಿದರೆ ಗಟ್ಟಿ ಕಲ್ಲು. ಗಾಜು ಹಾಗಲ್ಲ. ಅದಕ್ಕೆ ಗಟ್ಟಿಯಾಗುವ ನಿಶ್ಚಿತ ಉಷ್ಣತೆಯೇ ಇಲ್ಲ. ತಣಿದಂತೆ ಮಂದವಾಗುತ್ತಾ ಹೋಗುತ್ತದೆ. ಇದನ್ನು ತಿಳಿಯಲು ಭದ್ರಾವತಿಗಿಂತ ಆಲೆಮನೆಯೇ ಒಳ್ಳೆಯ ಶಾಲೆ. ಬೆರಳಿನ ನಡುವೆ ಪಾಕ ಹಿಡಿದು ಎಳೆ ಬಂತೇ ಎಂದು ನೋಡುತ್ತಾರಲ್ಲ, ಗಾಜಿನ ನೂಲೂ ಅದೇ ಒಂದೆಳೆ ಪಾಕ. ಪಾಕ ತೆಳುವಾದರೆ ತೊಟ್ಟಿಕ್ಕುತ್ತದೆ, ಏರಿದರೆ ಪಟ್ಟನೆ ಕಡಿಯುತ್ತದೆ. ಜೋನಿ ಬೆಲ್ಲದಲ್ಲಿ ಹರಳು ಕಟ್ಟಿದರೆ ಎಳೆ ಹೇಗೆ ಬರುವುದಿಲ್ಲವೋ, ಗಾಜಿನೊಳಗೆ ಹರಳು ಹುಟ್ಟಿದರೂ ಹಾಗೆಯೇ.

ನೂಲಿಗೆ ಬಳಸುವ ಗಾಜು ಬಾಟಲಿಯದಲ್ಲ. ಇ-ಗ್ಲಾಸ್ ಎನ್ನುತ್ತಾರೆ, ಮೊದಲು ವಿದ್ಯುತ್ ನಿರೋಧಕಕ್ಕೆಂದು ರೂಪಿಸಿದ್ದರಿಂದ ಆ ಹೆಸರು. ಸಿಲಿಕಾ ಶೇ. 52ರಿಂದ 56, ಸುಣ್ಣ ಶೇ. 16ರಿಂದ 25, ಅಲ್ಯುಮಿನಾ ಶೇ. 12ರಿಂದ 16, ಬೋರಾನ್ ಆಕ್ಸೈಡ್ ಶೇ. 5ರಿಂದ 10. ಸೋಡಾ, ಪೊಟ್ಯಾಷ್ ಎರಡೂ ಸೇರಿ ಶೇ. 2 ಮೀರಬಾರದು. ಮೀರಿದರೆ ನೀರಿನ ಪಸೆಗೆ ಎಳೆಯ ಮೈ ಸವೆಯುತ್ತದೆ, ನಿರೋಧಕ ಗುಣವೂ ಹೋಗುತ್ತದೆ. ಕುಲುಮೆಯಲ್ಲಿ 1500 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರಗಿಸಿದ್ದನ್ನು ಸುಮಾರು 1200 ಡಿಗ್ರಿಗೆ ಇಳಿಸಿದಾಗ ಅದು 1000 ಪಾಯ್ಸ್ ಮಂದವಾಗುತ್ತದೆ. ಜೇನುತುಪ್ಪಕ್ಕಿಂತ ಅಂದಾಜು ಹತ್ತು ಪಟ್ಟು. ನೂಲು ತೆಗೆಯುವ ಹದ ಇದೇ. ಈ ಹದಕ್ಕೂ ಹರಳುಗಟ್ಟುವ ಉಷ್ಣತೆಗೂ ನಡುವೆ 50 ಡಿಗ್ರಿಯಾದರೂ ಅಂತರ ಇಟ್ಟುಕೊಳ್ಳದಿದ್ದರೆ ಕುಲುಮೆಯಿಂದ ಬರುವ ಕಾಲುವೆಯ ತಣ್ಣನೆ ಮೂಲೆಗಳಲ್ಲಿ ಹರಳು ಬೆಳೆದು, ವಾರಗಟ್ಟಲೆ ಬಿಟ್ಟು ಬಿಟ್ಟು ಕಾಟ ಕೊಡುತ್ತದೆ.

ಈ ಉದ್ಯಮದ ಇತಿಹಾಸ ಹೇಳುವವರೆಲ್ಲ ಒಂದು ಆಕಸ್ಮಿಕದ ಕಥೆ ಹೇಳುತ್ತಾರೆ. 1932ರಲ್ಲಿ ಅಮೆರಿಕದ ಒಹಾಯೊದಲ್ಲಿ, ಓವೆನ್ಸ್-ಇಲಿನಾಯ್ ಕಂಪನಿಯ ಡೇಲ್ ಕ್ಲೈಸ್ಟ್ ಎಂಬ ಯುವಕ ಎರಡು ಗಾಜಿನ ಇಟ್ಟಿಗೆಗಳನ್ನು ಕರಗಿದ ಗಾಜಿನಿಂದ ಬೆಸೆಯಲು ಹೋದಾಗ ಗಾಳಿಯ ರಭಸಕ್ಕೆ ಗಾಜು ನವಿರಾದ ಎಳೆಗಳಾಗಿ ಹಾರಿತು. ಅಲ್ಲಿನ ಗೇಮ್ಸ್ ಸ್ಲೇಟರ್ ಅದನ್ನು ಹಬೆ ಊದಿ ಗಾಜಿನ ಉಣ್ಣೆ ಮಾಡುವ ವಿಧಾನವಾಗಿ ಬೆಳೆಸಿದರು. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿತು. ಕಥೆ ನಿಜ, ಆದರೆ ಅರ್ಧ. ಊದಿದರೆ ಸಿಗುವುದು ತುಂಡು ತುಂಡಾದ ಉಣ್ಣೆ. ಅದಕ್ಕೂ ಮೊದಲು 1893ರ ಷಿಕಾಗೋ ಪ್ರದರ್ಶನದಲ್ಲಿ ಲಿಬ್ಬಿ ಕಂಪನಿ ಗಾಜಿನೆಳೆ ಮತ್ತು ರೇಷ್ಮೆ ಹೆಣೆದ ಉಡುಪನ್ನೇ ತೋರಿಸಿತ್ತು. ಅಂದರೆ ಎಳೆ ತೆಗೆಯುವುದು ಹೊಸದಲ್ಲ. ಕಡಿಯದ ಎಳೆಯನ್ನು ಸಾವಿರಗಟ್ಟಲೆ ಒಟ್ಟಿಗೆ, ಗಂಟೆಗಟ್ಟಲೆ ತೆಗೆಯುವುದು ಹೊಸದು. ಅದು ಆಕಸ್ಮಿಕವಾಗಿ ಆಗಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗಿನ ಸಣ್ಣ ಸಣ್ಣ ಉಪಾಯಗಳು ಒಂದರ ಮೇಲೊಂದು ಕೂತು ಆದದ್ದು.

ಮೊದಲನೆಯದು ಬುಶಿಂಗ್. ಬೇರಿಂಗಿನ ಬುಶ್ ಅಲ್ಲ. ಪ್ಲಾಟಿನಂ-ರೋಡಿಯಂ ಮಿಶ್ರಲೋಹದ, ದೋಣಿಯಾಕಾರದ ಪೆಟ್ಟಿಗೆ. ತಳದಲ್ಲಿ 200ರಿಂದ 4000ದವರೆಗೆ, ಕೆಲವೆಡೆ ಇನ್ನೂ ಹೆಚ್ಚು, ಸಣ್ಣ ತೊಟ್ಟುಗಳು. ಪ್ರತಿ ತೊಟ್ಟಿನ ತೂತು 1ರಿಂದ 2.5 ಮಿಲಿಮೀಟರ್. ಪ್ಲಾಟಿನಂ ಏಕೆಂದರೆ ಆ ಬಿಸಿಯಲ್ಲಿ ಗಾಜಿನೊಂದಿಗೆ ಬೆರೆಯದೆ, ಗಾಳಿಗೆ ತುಕ್ಕು ಹಿಡಿಯದೆ ನಿಲ್ಲುವ ಲೋಹ ಬೇರೆ ಇಲ್ಲವೆನ್ನಬಹುದು. ಶೇ. 10 ಅಥವಾ 20 ರೋಡಿಯಂ ಏಕೆಂದರೆ ಬರಿಯ ಪ್ಲಾಟಿನಂ ಬಿಸಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಸೇರಿಸಿದರೂ ಜೋತುಬೀಳುತ್ತದೆ, ನಿಧಾನವಾಗಿ. ತಳದ ತಟ್ಟೆ ಮಧ್ಯದಲ್ಲಿ ಒಂದೆರಡು ಮಿಲಿಮೀಟರ್ ಇಳಿದರೂ ಅಲ್ಲಿನ ತೊಟ್ಟುಗಳ ತಂಪು ಬದಲಾಗಿ ಎಳೆಯ ದಪ್ಪ ಏರುಪೇರಾಗುತ್ತದೆ. ಆಗ ಇಡೀ ಬುಶಿಂಗನ್ನು ಇಳಿಸಿ, ಕರಗಿಸಿ, ಮತ್ತೆ ಮಾಡಿಸಬೇಕು. ಲೋಹದ ಬೆಲೆಯಿಂದಾಗಿ ಬುಶಿಂಗಿನ ತೂಕವನ್ನು ಅಕ್ಕಸಾಲಿಗನ ಹಾಗೆ ಗ್ರಾಂ ಲೆಕ್ಕದಲ್ಲಿ ಇಡುತ್ತಾರೆ.

ಬುಶಿಂಗಿಗೆ ಒಲೆ ಬೇರೆ ಇಲ್ಲ. ಅದರ ಮೈಯಲ್ಲೇ ಕೆಲವೇ ವೋಲ್ಟಿನಲ್ಲಿ ಸಾವಿರಾರು ಆಂಪಿಯರ್ ಹರಿಸಿದಾಗ ಅದೇ ಕಾಯುತ್ತದೆ. ಎರಡೂ ತುದಿಯ ಕಿವಿಗಳಿಗೆ ನೀರು ಹರಿಯುವ ತಾಮ್ರದ ಕ್ಲಾಂಪು. ಹೊಸಬರು ಇಲ್ಲೇ ಎಡವುತ್ತಾರೆ: ಕ್ಲಾಂಪು ಕಿವಿಯನ್ನು ಹಿಡಿದ ಆಳ ಕೆಲವು ಮಿಲಿಮೀಟರ್ ಬದಲಾದರೂ ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ. ಕಂಟ್ರೋಲರ್ ಸರಾಸರಿಯನ್ನು ಸರಿಯಾಗಿಯೇ ತೋರಿಸುತ್ತಿರುತ್ತದೆ, ಬಲಗಡೆಯ ಎಳೆಗಳು ಮಾತ್ರ ಕಡಿಯುತ್ತಿರುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಗಾಜಿನ ಹರಿವು ಶೇ. 10ಕ್ಕೂ ಹೆಚ್ಚು ಏರುತ್ತದೆ, ಆದ್ದರಿಂದ ಒಂದು ಡಿಗ್ರಿಯ ವ್ಯತ್ಯಾಸಕ್ಕೂ ಬೆಲೆ ಇದೆ. ಇನ್ನು ನಾಲ್ಕನೇ ಘಾತ. ತೊಟ್ಟಿನ ತೂತು ಸವೆದು ಶೇ. 1ರಷ್ಟು ಅಗಲವಾದರೆ ಹರಿವು ಶೇ. 4 ಏರುತ್ತದೆ, ಎಳೆಯ ದಪ್ಪ ಶೇ. 2. ಎಲ್ಲ ತೊಟ್ಟೂ ಒಂದೇ ಸಮ ಸವೆದರೆ ಉಷ್ಣತೆ ಇಳಿಸಿ ಸರಿದೂಗಿಸಬಹುದು. ಸಮನಾಗಿ ಸವೆಯುವುದೇ ಇಲ್ಲ ಎಂಬುದು ತೊಂದರೆ.

ತೊಟ್ಟಿನಿಂದ ಹೊರಬಂದ ಗಾಜು ಈರುಳ್ಳಿಯ ಕುತ್ತಿಗೆಯ ಆಕಾರದಲ್ಲಿ ಸಣ್ಣಗಾಗಿ ಕೆಲವು ಮಿಲಿಮೀಟರ್ ಒಳಗೇ ಎಳೆಯಾಗುತ್ತದೆ. ಈ ಕುತ್ತಿಗೆ ಬೇಗ ತಣಿಯಬೇಕು. ತಣಿಯದಿದ್ದರೆ ಗಾಜು ಸಣ್ಣ ಅಲೆಯಾಗಿ ಮಿಡಿದು ಕಡಿಯುತ್ತದೆ. ಅತಿಯಾಗಿ ತಣಿದರೆ ಎಳೆತದ ಬಿಗಿ ಏರಿ ಕಡಿಯುತ್ತದೆ. ತೊಟ್ಟಿನ ಸಾಲುಗಳ ನಡುವೆ ಬಾಚಣಿಗೆಯ ಹಲ್ಲಿನಂತೆ ತೆಳು ಲೋಹದ ರೆಕ್ಕೆಗಳನ್ನು ತೂರಿಸಿ, ಅವುಗಳ ಬುಡವನ್ನು ನೀರು ಹರಿಯುವ ಕೊಳವೆಗೆ ಬೆಸೆದದ್ದು ನನ್ನ ಲೆಕ್ಕದಲ್ಲಿ ಪ್ಲಾಟಿನಂ ಪೆಟ್ಟಿಗೆಗಿಂತ ದೊಡ್ಡ ಆವಿಷ್ಕಾರ. ಅದು ಬಂದ ಮೇಲೆಯೇ ತೊಟ್ಟುಗಳನ್ನು ಒತ್ತೊತ್ತಾಗಿ ಕೂರಿಸಿ ಸಂಖ್ಯೆ ನೂರರಿಂದ ಸಾವಿರಕ್ಕೆ ಏರಿಸಲು ಆದದ್ದು. ಬೋರಾನ್ ಆವಿ ಈ ರೆಕ್ಕೆಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಒರೆಸದಿದ್ದರೆ ರೆಕ್ಕೆ ಬಿಸಿ ಹೀರುವುದಿಲ್ಲ, ಪುಡಿ ಉದುರಿದರೆ ಎಳೆ ಕಡಿಯುತ್ತದೆ.

ಒಂದೇ ಒಂದು ಎಳೆ ಕಡಿದರೆ ಏನು ಮಹಾ ಎನ್ನಿಸಬಹುದು. ಕಡಿದ ತೊಟ್ಟಿನಲ್ಲಿ ಗಾಜು ಮಣಿಯಾಗಿ ತುಂಬುತ್ತದೆ. ಮಣಿ ಭಾರವಾಗಿ ಜಾರುವಾಗ ಪಕ್ಕದ ಎಳೆಗಳನ್ನು ಕಡಿಯುತ್ತದೆ, ಅವುಗಳ ಮಣಿ ಇನ್ನಷ್ಟನ್ನು. ನಿಮಿಷದೊಳಗೆ ಇಡೀ ಬುಶಿಂಗಿನ ಕೆಲಸ ನಿಂತಿತು. ಮಣಿ ಕೆಳಗೆ ಜಾರುವ ಬದಲು ಪ್ಲಾಟಿನಂ ತಳಕ್ಕೆ ಹರಡಿಕೊಂಡರೆ ಇನ್ನೂ ಕಷ್ಟ. ಕರಗಿದ ಗಾಜು ಪ್ಲಾಟಿನಮ್ಮಿಗೆ ಚೆನ್ನಾಗಿ ಅಂಟುತ್ತದೆ. ಕಡಿಯಲು ಕಾರಣ ಹುಡುಕುವಾಗ ಮೊದಲು ನೋಡಬೇಕಾದ್ದು ಕರಗದ ಸಿಲಿಕಾ ಕಾಳು, ಹರಳು, ಗಾಳಿಗುಳ್ಳೆ. ಆಮೇಲೆ ರೆಕ್ಕೆಯ ಸ್ಥಾನ, ಕೋಣೆಯ ಗಾಳಿಯ ಹೊಡೆತ, ಸಿಂಪಡಿಸುವ ನೀರು. ಗುಳ್ಳೆ ಸಣ್ಣದಿದ್ದರೆ ಎಳೆ ಕಡಿಯದೆಯೂ ಹೋಗಬಹುದು, ಒಳಗೆ ಉದ್ದನೆ ಟೊಳ್ಳು ಉಳಿಸಿಕೊಂಡು. ದೋಣಿಗೆ, ಟ್ಯಾಂಕಿಗೆ ಅದು ನಡೆಯುತ್ತದೆ. ಸರ್ಕ್ಯೂಟ್ ಬೋರ್ಡಿನ ಬಟ್ಟೆಗೆ ಮಾತ್ರ ನಡೆಯದು: ಆ ಟೊಳ್ಳಿನೊಳಗೆ ತಾಮ್ರ ಬೆಳೆದು ಎರಡು ತಂತಿಗಳು ಶಾರ್ಟ್ ಆಗುತ್ತವೆ.

ಈಗ ಸ್ವಲ್ಪ ಲೆಕ್ಕ. ತೂತು 1.5 ಮಿಲಿಮೀಟರ್, ಎಳೆ 10 ಮೈಕ್ರಾನ್ ಎಂದುಕೊಳ್ಳಿ. ವ್ಯಾಸ 150 ಪಟ್ಟು ಕುಗ್ಗಿತು, ಅಡ್ಡಕೊಯ್ತ 22,500 ಪಟ್ಟು. ಕೆಳಗೆ ಸುತ್ತುವ ಯಂತ್ರ ಸೆಕೆಂಡಿಗೆ 25 ಮೀಟರ್ ಎಳೆಯುತ್ತಿದ್ದರೆ ತೊಟ್ಟಿನೊಳಗೆ ಗಾಜು ಸೆಕೆಂಡಿಗೆ 1.1 ಮಿಲಿಮೀಟರ್ ಮಾತ್ರ ಇಳಿಯುತ್ತಿರುತ್ತದೆ. ಎಳೆಯ ದಪ್ಪವನ್ನು ನೇರವಾಗಿ ನಿರ್ಧರಿಸುವುದು ತೂತಲ್ಲ. ಹರಿವು ಮತ್ತು ಎಳೆಯುವ ವೇಗ. 13 ಮೈಕ್ರಾನಿನ ಒಂದು ಎಳೆ ಕಿಲೋಮೀಟರಿಗೆ 0.34 ಗ್ರಾಂ ತೂಗುತ್ತದೆ. 2000 ತೊಟ್ಟಿನ ಬುಶಿಂಗಿನಿಂದ ಸೆಕೆಂಡಿಗೆ 20 ಮೀಟರಿನಂತೆ ಎಳೆದರೆ ಗಂಟೆಗೆ ಸುಮಾರು 49 ಕಿಲೋ ನೂಲು. ಕಿಲೋಮೀಟರಿಗೆ ಎಷ್ಟು ಗ್ರಾಂ ಎಂಬ ಅಳತೆಯೇ ಟೆಕ್ಸ್. ಇದು ಸುಮಾರು 680 ಟೆಕ್ಸ್.

ಸುತ್ತುವ ಉರುಳೆಯ ವ್ಯಾಸ 300 ಮಿಲಿಮೀಟರ್ ಇದ್ದರೆ ಈ ವೇಗಕ್ಕೆ ನಿಮಿಷಕ್ಕೆ 1273 ಸುತ್ತು ಬೇಕು. ನೂಲು ಸುತ್ತುತ್ತಾ ವ್ಯಾಸ 340ಕ್ಕೆ ಬಂದಾಗಲೂ ಅದೇ ಸುತ್ತು ಇಟ್ಟರೆ ವೇಗ ಏರಿ, ಹೊರಗಿನ ಪದರಗಳಲ್ಲಿ ಎಳೆ ತೆಳ್ಳಗಾಗುತ್ತದೆ. ಆದ್ದರಿಂದ ಮೋಟಾರಿನ ವೇಗವನ್ನು ಮೆಲ್ಲನೆ 1123ಕ್ಕೆ ಇಳಿಸುತ್ತಾ ಬರಬೇಕು. ನೂಲನ್ನು ಅತ್ತಿತ್ತ ಆಡಿಸಲು ಸುರುಳಿ ತಂತಿಯೊಂದು ತಿರುಗುತ್ತಿರುತ್ತದೆ. ಅದು ಆಡಿಸದಿದ್ದರೆ ಒಂದರ ಮೇಲೊಂದು ಹಸಿ ಪದರ ಅಂಟಿಕೊಂಡು, ಬಿಚ್ಚುವಾಗ ಸಿಕ್ಕು.

ಎಳೆಗಳು ತಣಿದು ಒಂದುಗೂಡುವ ಮುಂಚೆ ಇನ್ನೊಂದು ಕೆಲಸ ಇದೆ, ಗಂಜಿ. ನೇಕಾರರು ಹಾಸಿಗೆ ಗಂಜಿ ಹಾಕುವುದು ಗೊತ್ತಲ್ಲ, ಇದೂ ಅದೇ ಜಾತಿ. ಇಂಗ್ಲಿಷಿನವರೂ ಎರಡಕ್ಕೂ ಒಂದೇ ಪದ ಬಳಸುತ್ತಾರೆ. ಗ್ರಿಫಿತ್ 1920ರ ಸುಮಾರಿಗೆ ತೋರಿಸಿದಂತೆ ಗಾಜಿನ ದೌರ್ಬಲ್ಯ ಇರುವುದು ಮೈಮೇಲಿನ ಗೀರುಗಳಲ್ಲಿ; ಎಳೆ ತೆಳುವಾದಷ್ಟೂ ಬಲ ಹೆಚ್ಚು. ಹೊಸ ಇ-ಗ್ಲಾಸ್ ಎಳೆ 3400 ಮೆಗಾಪಾಸ್ಕಲ್ ತಡೆಯುತ್ತದೆ. ಅದೇ ಎಳೆ ಪಕ್ಕದ ಎಳೆಗೆ ಒಣಗಿದ್ದಂತೆಯೇ ಉಜ್ಜಿದರೆ ಬಲ ಸೋರಿಹೋಗುತ್ತದೆ. ಹಾಗಾಗಿ ಬುಶಿಂಗಿನ ಕೆಳಗೇ ಉರುಳೆಯೊಂದು ಪ್ರತಿ ಎಳೆಗೂ ನೀರಿನಲ್ಲಿ ಕಲಸಿದ ಗಂಜಿ ಹಚ್ಚುತ್ತದೆ. ಅದರಲ್ಲಿ ಎಳೆಗಳನ್ನು ಹಿಡಿದಿಡುವ ಪಾಲಿಮರ್, ಜಾರುವ ಎಣ್ಣೆ, ಜೊತೆಗೆ ಸೈಲೇನ್. ಸೈಲೇನಿನ ಒಂದು ಕೈ ಗಾಜನ್ನು, ಇನ್ನೊಂದು ಕೈ ರೆಸಿನ್ನನ್ನು, ಅಂದರೆ ನೂಲಿನ ಸುತ್ತ ಗಟ್ಟಿಯಾಗುವ ಪ್ಲಾಸ್ಟಿಕ್ ಅಂಟನ್ನು, ಹಿಡಿಯುತ್ತದೆ. ಮೆಥಾಕ್ರಿಲ್ ಜಾತಿಯ ಸೈಲೇನಾದರೆ ನೀರಿಗೆ ಅಸಿಟಿಕ್ ಆಮ್ಲ ಹಾಕಿ ಪಿಎಚ್ 4ರ ಆಸುಪಾಸಿಗೆ ತಂದು, ಕಲಕುತ್ತಾ ನಿಧಾನವಾಗಿ ಸುರಿಯಬೇಕು. ದ್ರಾವಣ ತಿಳಿಯಾಗುವವರೆಗೆ ಕಾಯಬೇಕು. ಅವಸರದಲ್ಲಿ ಸುರಿದರೆ, ಅಥವಾ ನಿನ್ನೆಯದನ್ನು ಬಳಸಿದರೆ ಸೈಲೇನ್ ತನ್ನಷ್ಟಕ್ಕೆ ತಾನೇ ಕೈ ಹಿಡಿದುಕೊಂಡು ಜೆಲ್ ಆಗುತ್ತದೆ. ನೂಲು ನೋಡಲು ಚೆನ್ನಾಗಿಯೇ ಇರುತ್ತದೆ. ರೆಸಿನ್ ಹಾಕಿ ಅಚ್ಚು ತೆಗೆದು, ನೀರಿನಲ್ಲಿ ಕುದಿಸಿ ಪರೀಕ್ಷಿಸಿದಾಗಲೇ ಬಣ್ಣ ಬಯಲು.

ಸುತ್ತಿದ ಉಂಡೆಯಲ್ಲಿ ಶೇ. 10ರಷ್ಟು ನೀರಿರುತ್ತದೆ. 110ರಿಂದ 130 ಡಿಗ್ರಿಯ ಒಲೆಯಲ್ಲಿ ಗಂಟೆಗಟ್ಟಲೆ ಒಣಗಿಸುವಾಗ ನೀರು ಹೊರಮೈಗೆ ಬರುತ್ತಾ ಗಂಜಿಯನ್ನೂ ಎಳೆದು ತರುತ್ತದೆ. ಆದ್ದರಿಂದ ಅತಿ ಹೊರಗಿನ ಪದರ ಹಳದಿ, ಬಿರುಸು. ಅದನ್ನು ಬಿಚ್ಚಿ ಬಿಸಾಡಬೇಕು. ಉಳಿಸುವ ಆಸೆಯಿಂದ ಅದನ್ನೂ ಸೇರಿಸಿದರೆ ರೆಸಿನ್ ಹೀರದ ಬಿಳಿ ಗೆರೆಗಳು ಮಾಲಿನಲ್ಲಿ ಎದ್ದು ಕಾಣುತ್ತವೆ.

ನೂಲು ಮಲೆನಾಡಿಗೆ ಬಂದ ಮೇಲಿನ ಶತ್ರು ತೇವ. ನೂಲಿನ ತುಂಡುಗಳನ್ನು ಚಾಪೆಯಂತೆ ಹಾಸಿ ಮಾಡಿದ, ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್ ಸುರುಳಿಯನ್ನು ಜುಲೈನಲ್ಲಿ ಶೆಡ್ಡಿನ ನೆಲದ ಮೇಲಿಟ್ಟರೆ ಪಸೆ ಹೀರಿ, ಪಾಲಿಯೆಸ್ಟರ್ ರೆಸಿನ್ ಅಂಟದೆ ಬಿಳಿ ಮಚ್ಚೆ ಬೀಳುತ್ತದೆ. ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಹಲಗೆಯ ಮೇಲಿಡಿ, ಬೇಕಾದಷ್ಟೇ ಹೊರತೆಗೆಯಿರಿ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್. ರೆಸಿನ್ ಗಟ್ಟಿಯಾಗಲು ಅದಕ್ಕೆ ಮೊದಲು ಕೋಬಾಲ್ಟ್ ಬೆರೆಸಿ, ಆಮೇಲೆ ಶೇ. 1ರಿಂದ 2 ಪೆರಾಕ್ಸೈಡ್. ಈ ಎರಡನ್ನು ನೇರವಾಗಿ ಒಂದಕ್ಕೊಂದು ಸುರಿದರೆ ಬೆಂಕಿ, ಸ್ಫೋಟ ಎರಡೂ ಆಗಬಹುದು. ಬಾಟಲಿಗಳನ್ನು ಒಂದೇ ಕಪಾಟಿನಲ್ಲಿ ಇಡಲೂ ಬೇಡಿ.

ಕೊನೆಗೆ ದೋಟಿ, ಅಡಿಕೆ ಕೊಯ್ಯುವ, ಔಷಧಿ ಹೊಡೆಯುವ ಉದ್ದನೆ ಕೋಲು. ಅಡಿಕೆ ತೋಟದಲ್ಲಿ ಈಗ ಕಾರ್ಬನ್ ದೋಟಿಯದ್ದೇ ಮಾತು, ಕಾರಣವೂ ಇದೆ. ಎಳೆ ಉದ್ದಕ್ಕೇ ಹಾಸಿದ ಗಾಜಿನ ಕೊಳವೆಯ ಬಿಗುಪು ಸುಮಾರು 45 ಗಿಗಾಪಾಸ್ಕಲ್, ಕಾರ್ಬನ್ನಿನದು ಸುಮಾರು 135. ತೂಕವನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು ಪಟ್ಟು ವ್ಯತ್ಯಾಸ. ಅರವತ್ತು ಅಡಿ ಚಾಚಿದಾಗ ಗಾಜಿನದು ಬಾಳೆಗಿಡದಂತೆ ಬಾಗುತ್ತದೆ. ಆದರೆ ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಗಾಜಿನಲ್ಲಿ ಹರಿಯುವುದಿಲ್ಲ. ತೋಟದ ಮೇಲೆ ಲೈನು ಹಾದಿದ್ದರೆ ಕಾರ್ಬನ್ ದೋಟಿ ಎತ್ತಲೇಬಾರದು. ಗಾಜಿನದೂ ಬೋರ್ಡೋ ದ್ರಾವಣದಲ್ಲಿ ನೆನೆದಿದ್ದರೆ ನಂಬುವಂತಿಲ್ಲ, ಮೈಲುತುತ್ತದ ನೀರು ಕರೆಂಟು ಒಯ್ಯುತ್ತದೆ. ಸುಣ್ಣದ ಕ್ಷಾರ ಇ-ಗ್ಲಾಸಿಗೆ ಆಗದು. ಬಿಸಿಲಿಗೆ ರೆಸಿನ್ ಸವೆದು ಎಳೆ ಹೊರಬಿದ್ದ ದೋಟಿಯನ್ನು ಔಷಧಿ ಹೊಡೆದ ಸಂಜೆಯೇ ತೊಳೆಯಬೇಕು. ಸಾಮಾನ್ಯವಾಗಿ ಸೀಳುವುದು ಕೊಳವೆಗಳು ಒಂದರೊಳಗೊಂದು ಕೂರುವ ಬಾಯಿ, ಏಕೆಂದರೆ ಎಳೆಗಳೆಲ್ಲ ಉದ್ದಕ್ಕೆ ಮಲಗಿವೆ, ಸುತ್ತಲೂ ಹಿಡಿದುಕೊಳ್ಳುವವರಿಲ್ಲ. ಆ ಬಾಯಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಗಾಜಿನ ಟೇಪನ್ನು ಎಪಾಕ್ಸಿಯಲ್ಲಿ ಅದ್ದಿ ಅಡ್ಡಡ್ಡ ಮೂರು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಒಂದು ದಿನ ಒಣಗಲು ಬಿಡಿ. ಮೃಗಶಿರ ಮಳೆ ಹಿಡಿಯುವ ಮೊದಲು ಮಾಡಬೇಕು; ಆಮೇಲೆ ಕೊಳವೆಯ ಮೈ ಒಣಗುವುದೇ ಇಲ್ಲ, ಎಪಾಕ್ಸಿ ಕಚ್ಚುವುದಿಲ್ಲ.