ಚಿನ್ನದ ಚುಕ್ಕೆ ಎಣಿಸದ ಮಧ್ಯಾಹ್ನ

ನಮ್ಮ ಫಿಶ್ ಕೋಣೆಯಲ್ಲಿ ಕೋಶದ ಕ್ರೋಮೋಸೋಮುಗಳಿಗೆ ಹೊಳೆಯುವ ಬಣ್ಣದ ಚುಕ್ಕೆ ಅಂಟಿಸಿ ಎಣಿಸುತ್ತೇವೆ. ಅಲ್ಲಿನ ಸೂಕ್ಷ್ಮದರ್ಶಕದ ಮರ್ಕ್ಯುರಿ ಬಲ್ಬಿಗೆ ಆಯುಸ್ಸು 200 ಗಂಟೆ. ಅದು 300 ದಾಟಿತ್ತು. ಹೊಸದಕ್ಕೆ ಬರೆದ ಇಂಡೆಂಟ್ ಖರೀದಿ ವಿಭಾಗದಲ್ಲಿ ಮೂರು ತಿಂಗಳಿನಿಂದ ಮಲಗಿತ್ತು. ಕೆಂಪು, ಹಸಿರು ಚುಕ್ಕೆಗಳು ಹೇಗೋ ಕಾಣುತ್ತಿದ್ದವು. ನೀಲಿಗೆ ಕಣ್ಣು ಕಿರಿದು ಮಾಡಬೇಕಿತ್ತು. ಒಂಬತ್ತನೇ ಕ್ರೋಮೋಸೋಮಿನ 9ಪಿ21 ಎಂಬ ಜಾಗದ ಚಿನ್ನದ ಚುಕ್ಕೆಯಂತೂ ಕತ್ತಲಲ್ಲಿ ಕಳೆದುಹೋದ ಮೂಗುಬೊಟ್ಟು.

ಆ ದಿನ ಬಂದದ್ದು ಅರವತ್ತು ದಾಟಿದವರೊಬ್ಬರ ಮೂತ್ರದ ಮಾದರಿ. ಫಾರಂನಲ್ಲಿ ‘ಹೆಮಟೂರಿಯಾ’ ಎಂಬ ಒಂದೇ ಪದ, ಅಂದರೆ ಮೂತ್ರದಲ್ಲಿ ರಕ್ತ. ಕೋಶಗಳ ರೂಪ ನೋಡುವ ಸೈಟಾಲಜಿಯವರು ‘ಏಟಿಪಿಕಲ್’, ಅಂದರೆ ಮಾಮೂಲಿನಂತಿಲ್ಲ, ಎಂದು ಬರೆದು ಕೈತೊಳೆದುಕೊಂಡಿದ್ದರು. 25 ಕೋಶಗಳಲ್ಲಿ 4 ಕೆಟ್ಟಿದ್ದರೆ ಪಾಸಿಟಿವ್, ಮೂತ್ರಕೋಶದ ಕ್ಯಾನ್ಸರ್ ಇರಬಹುದೆಂದು ಅರ್ಥ. ನನಗೆ ಹತ್ತು ಕೋಶ ನೋಡುವಷ್ಟರಲ್ಲಿ ಆರು ಸಿಕ್ಕವು: ಕೆಂಪು 4, ಹಸಿರು 4, ನೀಲಿ 4. ಇರಬೇಕಾದದ್ದು ತಲಾ 2. ಅಂದರೆ 3, 7, 17ನೇ ಕ್ರೋಮೋಸೋಮು ಮೂರೂ ಹೆಚ್ಚು. ಚಿನ್ನದ ಫಿಲ್ಟರ್‌ಗೆ ತಿರುಗಿಸಲೇ ಇಲ್ಲ. ಬಲ್ಬಿನ ಮೇಲೆ ಗೂಬೆ ಕೂರಿಸಬಹುದು. ನಿಜವೆಂದರೆ ಆರು ಸಿಕ್ಕ ಖುಷಿಯಲ್ಲಿ ನನಗೆ ಅದು ಬೇಕಿರಲಿಲ್ಲ. ಮೇಡಂ ಸಹಿ ಹಾಕುವ ಮೊದಲೇ ಯೂರಾಲಜಿಯ ರೆಸಿಡೆಂಟ್‌ಗೆ ಫೋನ್ ಮಾಡಿ “ಪಾಸಿಟಿವ್ ಸರ್” ಎಂದೆ.

“ಹರಡುವ ಜಾತಿಯೇ?” ಎಂದರು ಅವರು. ಅದಕ್ಕೆ ಉತ್ತರ ಮೂತ್ರದ ಸ್ಲೈಡಿನಲ್ಲಿ ಇರುವುದಿಲ್ಲ. ಗೆಡ್ಡೆಯ ತುಂಡು ಬೇಕು, ತುಂಡಿನಲ್ಲಿ ಸ್ನಾಯು ಬಂದಿರಬೇಕು. ಎಫ್‌ಜಿಎಫ್‌ಆರ್3 ಜೀನಿನ ಬದಲಾವಣೆ ಮೇಲ್ಪದರದಲ್ಲೇ ಉಳಿಯುವ ಗೆಡ್ಡೆಗಳಲ್ಲಿ ಹೆಚ್ಚು, ಟಿಪಿ53 ಜೀನು ಕೆಡುವುದು ಆಳಕ್ಕಿಳಿಯುವವುಗಳಲ್ಲಿ ಹೆಚ್ಚು. ಅದೂ ಯಾವೊಬ್ಬ ರೋಗಿಯ ಜಾತಕವಲ್ಲ. ಇಷ್ಟೆಲ್ಲ ಗೊತ್ತಿದ್ದೂ “ಹೈ ಗ್ರೇಡ್ ಇರಬಹುದು”, ಅಂದರೆ ಉಗ್ರ ಜಾತಿ, ಎಂದುಬಿಟ್ಟೆ.

ಮೂರು ಗಂಟೆಗೆ ಮೇಡಂ ಬಂದು ಐಪೀಸಿಗೆ ಕಣ್ಣಿಟ್ಟರು. “ಚಿನ್ನ ಎಷ್ಟು?”

ನಾನು ಬಾಯಿ ಬಿಡಲಿಲ್ಲ. ಅವರೇ ಫಿಲ್ಟರ್ ತಿರುಗಿಸಿ, ಕತ್ತಲಿಗೆ ಕಣ್ಣು ಒಗ್ಗುವವರೆಗೆ ಕಾದು ಎಣಿಸಿದರು. ನಾಲ್ಕು. ಮುಂದಿನ ಕೋಶ. ನಾಲ್ಕು. ಅದರ ಮುಂದಿನದೂ ನಾಲ್ಕು.

“ಎಲ್ಲವೂ ಲೆಕ್ಕ ಹಾಕಿದಂತೆ ಎರಡು ಪಟ್ಟು. ಎಲ್ಲ ಕ್ರೋಮೋಸೋಮೂ ನಾಲ್ಕು ನಾಲ್ಕಿರುವ ಟೆಟ್ರಾಪ್ಲಾಯ್ಡ್ ಅಲ್ಲವೇನಪ್ಪ ಇದು? ಮೂತ್ರಕೋಶದ ಒಳಪದರದ ಮೇಲ್ಭಾಗದ ಅಂಬ್ರೆಲಾ ಕೋಶಗಳು, ಕ್ಯಾನ್ಸರ್ ಇಲ್ಲದೆಯೂ ಹೀಗಿರಬಹುದು. ಕಲ್ಲು, ಸ್ಟೆಂಟ್ ಉಜ್ಜಿದರೆ ಉದುರುತ್ತವೆ. ಇವರಿಗೆ ಕಲ್ಲು ಇದೆಯೋ, ಸ್ಟೆಂಟ್ ಇದೆಯೋ?”

ಫಾರಂ ಮತ್ತೆ ತೆಗೆದು ನೋಡಿದೆ. ಹೆಮಟೂರಿಯಾ.

ರೆಸಿಡೆಂಟ್‌ ಫೋನ್ ಬ್ಯುಸಿ. ಮತ್ತೆ ಬ್ಯುಸಿ. ಮೂರನೆಯ ಸಲ ರಿಂಗಾಗಿ ನಿಂತಿತು. ಲಿಫ್ಟಿಗೂ ಕಾಯದೆ ನಾಲ್ಕು ಮಹಡಿ ಹತ್ತಿದೆ. ವಾರ್ಡಿನ ಹೊರಗೆ ಒಬ್ಬ ಯುವಕ ಗೋಡೆಗೆ ಮುಖ ಮಾಡಿಕೊಂಡು ಮೊಬೈಲಿನಲ್ಲಿ ಮಾತನಾಡುತ್ತಿದ್ದ: “ಅಪ್ಪನಿಗೆ ಇನ್ನೂ ಹೇಳಿಲ್ಲ ಅಕ್ಕ.” ಅವನನ್ನು ದಾಟಿ ಒಳಗೆ ಹೋಗಲು ನನಗೆ ಕಾಲು ಬರಲಿಲ್ಲ.

ಕೇಸ್ ಶೀಟಿನಲ್ಲಿತ್ತು: ಎಡಗಡೆ ಮೂತ್ರನಾಳದಲ್ಲಿ ಡಿಜೆ ಸ್ಟೆಂಟ್ ಎಂಬ ಕೊಳವೆ, ಹಾಕಿ ಆರು ವಾರ. ಆಮೇಲೆ ಮೂತ್ರಕೋಶದೊಳಗೆ ದುರ್ಬೀನು ಇಳಿಸಿ ನೋಡುವ ಸಿಸ್ಟೋಸ್ಕೋಪಿಯಲ್ಲಿ ಗೆಡ್ಡೆಯೇನೂ ಕಾಣಲಿಲ್ಲ. ಆ ಮಗನಿಗೆ ರೆಸಿಡೆಂಟ್ ಅಲ್ಲ, ನಾನೇ ಹೇಳಬೇಕೆಂದು ಮೇಡಂ ಕಳಿಸಿದರು. ಅವನು ಬೈದಿದ್ದರೆ ಚೆನ್ನಾಗಿತ್ತು, ಕೈಮುಗಿದ.

ಬಲ್ಬ್ ಮರುವಾರವೇ ಬಂದಿತು. ಅಷ್ಟು ಬೇಗ ತರಿಸಲು ಬರುತ್ತದೆಂದು ಖರೀದಿ ವಿಭಾಗಕ್ಕೂ ಆಗಲೇ ತಿಳಿದಿರಬೇಕು. ಫಾರಂಗಳು ಈಗಲೂ ಒಂದೇ ಪದ ಹೊತ್ತು ಬರುತ್ತವೆ. ಹಾಗಾಗಿ ಸ್ಲೈಡ್ ಮುಟ್ಟುವ ಮೊದಲು ವಾರ್ಡಿಗೆ ಫೋನ್ ಮಾಡಿ ವಿಚಾರಿಸುತ್ತೇನೆ. ನರ್ಸ್‌ಗಳು ನನಗೆ ‘ಸ್ಟೆಂಟ್ ಸರ್’ ಎಂದು ಹೆಸರಿಟ್ಟಿದ್ದಾರಂತೆ.