ಧಾರವಾಡದಲ್ಲಿ ಕೂತು ಒಂಟೆ ಎಣಿಸುವ ಕೆಲಸ

ನನ್ನದು ಜಾನುವಾರು ಸಮೀಕ್ಷೆಯ ಲೆಕ್ಕ ನೋಡುವ ಕೆಲಸ. ರಾಜಸ್ಥಾನದ ಜೈಸಲ್ಮೇರ್, ಪಾಲಿ ಕಡೆಯ ಒಂಟೆ ಹಿಂಡುಗಳ ಫಾರ್ಮುಗಳು ಬರುತ್ತವೆ, ನಾನು ಧಾರವಾಡದಲ್ಲಿ ಕೂತು ಅವನ್ನು ತಾಳೆ ನೋಡುತ್ತೇನೆ. ನಮ್ಮ ಕಡೆಯವರಿಗೆ ಒಂಟೆ ಎಂದರೆ ಜಾತ್ರೆಯಲ್ಲಿ ಹುಡುಗರನ್ನು ಹೊತ್ತು ಸುತ್ತು ಹಾಕುವ ಪ್ರಾಣಿ, ಅಷ್ಟೇ. "ಅದರದ್ದೇನ್ ಲೆಕ್ಕೋ ಯಪ್ಪಾ" ಎಂದು ಮನೆಯಲ್ಲೇ ನಗುತ್ತಾರೆ.

"ಹೋದ ವರ್ಷ ಎಷ್ಟು ಸತ್ತವು, ಯಾವ ರೋಗಕ್ಕೆ?" ಎಂದು ಕೇಳಿ ತುಂಬಿಸಿದ ಫಾರ್ಮಿನಿಂದ ಹಿಂಡು ಬೆಳೆಯುತ್ತಿದೆಯೋ ಕರಗುತ್ತಿದೆಯೋ ತಿಳಿಯುವುದಿಲ್ಲ. ಮಾಲೀಕರು ದೊಡ್ಡ ಪ್ರಾಣಿಗಳ ಸಾವನ್ನಷ್ಟೇ ಹೇಳುತ್ತಾರೆ. ಹುಟ್ಟಿ ನಾಲ್ಕು ದಿನಕ್ಕೆ ಹೋದ ಮರಿ, ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಬಿದ್ದುಹೋದ ಬಸಿರು ಯಾರ ಬಾಯಲ್ಲೂ ಬರುವುದಿಲ್ಲ. ಹಾಗಾಗಿ ಪ್ರಶ್ನೆಯನ್ನೇ ತಿರುಗಿಸಬೇಕು. ಒಂದೊಂದು ಹೆಣ್ಣೊಂಟೆಯನ್ನೂ ಹಿಡಿದು, ಮೊದಲ ಸಲ ಯಾವಾಗ ಈಯಿತು, ಆ ಮರಿ ಈಗೆಲ್ಲಿದೆ, ಮಾರಿದರಾ, ಸತ್ತಿತಾ, ಸತ್ತಿದ್ದರೆ ಎಷ್ಟು ತಿಂಗಳಿಗೆ ಎಂದು ಕೇಳುತ್ತಾ ಹೋಗಬೇಕು.

ಇಲ್ಲಿ ಒಂಟೆ ಹಿಂಡು ಎಲ್ಲಿಂದ ತರುವುದು? ಪ್ರಶ್ನೆಗಳ ಸರಣಿಯನ್ನು ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತ ಹೊಲಗಳಲ್ಲಿ ಹಟ್ಟಿ ಹಾಕಿದ್ದ ಕುರಿಗಾರರ ಮೇಲೆ ಪರೀಕ್ಷಿಸಿದೆವು. ಒಬ್ಬ ಹಿರಿಯರಿಗೆ "ಎಷ್ಟು ಸತ್ತವು?" ಎಂದರೆ "ಅದನ್ಯಾರು ಬರ್ದಿಡ್ತಾರ" ಎಂದು ಕೈ ಝಾಡಿಸಿದರು. ಎದುರಿಗಿದ್ದ ಕರಿ ಕುರಿಯನ್ನು ತೋರಿಸಿ ಇದು ಯಾವುದರ ಮಗಳು ಎಂದು ಕೇಳಿದ್ದೇ ತಡ, ಅದರ ಅವ್ವ, ಅಜ್ಜಿ, ತೋಳದ ಪಾಲಾದ ತಂಗಿ, ಗೌರಿ ಹುಣ್ಣಿಮೆ ಹೊತ್ತಿಗೆ ಭೇದಿಯಾಗಿ ಹೋದ ಮರಿ ಎಲ್ಲ ಸಾಲಾಗಿ ಬಂದವು. ಸುಸ್ತಾದದ್ದು ಬರೆದುಕೊಳ್ಳುತ್ತಿದ್ದವರೇ.

ಆದರೆ ಕುರಿ ಲೆಕ್ಕ ಒಂಟೆಗೆ ಹೊಂದುವುದಿಲ್ಲ. ಕುರಿಗೆ ಐದು ತಿಂಗಳ ಬಸಿರು, ಹುಟ್ಟಿದ ಹೆಣ್ಣುಮರಿ ಎರಡು ವರ್ಷದೊಳಗೆ ತಾನೇ ತಾಯಿ. ಒಂಟೆಗೆ ಸುಮಾರು 13 ತಿಂಗಳ ಬಸಿರು, ಎರಡು ವರ್ಷಕ್ಕೊಂದು ಮರಿ, ಮೊದಲ ಮರಿ ಹಾಕುವ ಹೊತ್ತಿಗೆ ಹತ್ತಿರ ಐದು ವರ್ಷ. ಅಲೆಮಾರಿ ಹಿಂಡುಗಳಲ್ಲಿ ಮೊದಲ ವರ್ಷದೊಳಗೆ ಮೂರನೇ ಒಂದು ಭಾಗ ಮರಿಗಳು ಸಾಯುವುದು ಅಪರೂಪವಲ್ಲ. ಗಿಣ್ಣದ ಹಾಲು ಸಾಲದೆ, ಭೇದಿಯಿಂದ, ಉಣ್ಣೆ ಹುಳ ಹತ್ತಿಕೊಂಡು, ಮನೆಮಂದಿ ಕರೆದುಕೊಂಡು ಉಳಿದ ಹಾಲಿನಲ್ಲಿ ಬದುಕಬೇಕಾಗಿ. ಈಗ ಗುಣಿಸಿ ನೋಡಿ: ಎರಡು ವರ್ಷಕ್ಕೊಂದು ಮರಿ, ಅದರಲ್ಲಿ ಅರ್ಧ ಗಂಡು, ಉಳಿದ ಹೆಣ್ಣಿನಲ್ಲಿ ಮೂರಕ್ಕೊಂದು ಸಾವು. ಒಂದು ತಾಯಿಗೆ ತನ್ನ ಜಾಗಕ್ಕೆ ಒಂದು ವರ್ಷ ತುಂಬಿದ ಒಂದೇ ಒಂದು ಹೆಣ್ಣುಮರಿ ಕೊಡಲು ಸರಾಸರಿ ಆರು ವರ್ಷ ಬೇಕು!

ಅದಕ್ಕೇ ನಾನು ಮೊದಲು ನೋಡುವ ಅಂಕಿ ದೊಡ್ಡ ಹೆಣ್ಣುಗಳ ಸಾವು. 100 ಒಂಟೆಗಳ ಹಿಂಡಿನಲ್ಲಿ ಈಯುವ ಹೆಣ್ಣು 45 ಎನ್ನಿ. ವರ್ಷಕ್ಕೆ 22 ಮರಿ ಹುಟ್ಟಿ 15 ಉಳಿದು, ದೊಡ್ಡವು ಐದು ಸತ್ತರೆ ಹೆಚ್ಚುವುದು ಹತ್ತು. ಇನ್ನೂ ಐದು ತಾಯಂದಿರು ಹೋದರೆ ಆ ಹತ್ತು ಐದಾಗುತ್ತದೆ, ಮಾರಾಟದ ಮಾತು ಬಿಡಿ.

ತಾಯಂದಿರನ್ನು ತಿನ್ನುವ ರೋಗಗಳಲ್ಲಿ ಸರ್ರಾ ಮುಖ್ಯ. ರಕ್ತ ಹೀರುವ ದಪ್ಪ ನೊಣಗಳು ಹರಡುವ ಪರಜೀವಿ. ಮಳೆಗಾಲದಲ್ಲಿ ಹತ್ತುತ್ತದೆ, ತಿಂಗಳುಗಟ್ಟಲೆ ಜ್ವರ ಬಂದು ಬಿಟ್ಟು ಪ್ರಾಣಿ ರಕ್ತಹೀನವಾಗುತ್ತದೆ, ಬಸುರಿಯಾದರೆ ಕಂದು ಹಾಕುತ್ತದೆ. ಕೊನೆಗೆ ಚಳಿಯಲ್ಲಿ ಬಿದ್ದರೆ ಫಾರ್ಮಿನಲ್ಲಿ ಬರುವುದು "ಚಳಿಗೆ ಸತ್ತಿತು". ಹೀಗಾಗಿ ಕಾರಣದ ಕಾಲಂ ನನಗೆ ಅರ್ಧ ನಂಬಿಕೆಯದು; ವಯಸ್ಸು, ಹೆಣ್ಣೋ ಗಂಡೋ, ಯಾವ ಋತು, ಈ ಮೂರನ್ನು ಖಾಲಿ ಬಿಟ್ಟ ಫಾರ್ಮನ್ನು ವಾಪಸ್ ಕಳಿಸುತ್ತೇನೆ.

ಸಾವೊಂದೇ ಹಿಂಡನ್ನು ಕರಗಿಸುವುದೂ ಇಲ್ಲ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು, 2019ರಲ್ಲಿ ಸುಮಾರು 2.5 ಲಕ್ಷ. ಮೇವಿನ ನೆಲ ಕುಗ್ಗಿತು, ಟ್ರ್ಯಾಕ್ಟರ್ ಬಂತು. ರಾಜಸ್ಥಾನದ 2015ರ ಕಾಯ್ದೆ ಒಂಟೆಯ ವಧೆಯನ್ನು ತಡೆದು, ರಾಜ್ಯದಾಚೆಗೆ ಸಾಗಿಸುವುದಕ್ಕೂ ಕಟ್ಟುಪಾಡು ಹಾಕಿದ ಮೇಲೆ ಗಂಡೊಂಟೆಗೆ ಬೆಲೆಯೇ ಬಿತ್ತು ಎಂದು ಸಾಕುವವರು ದೂರುತ್ತಾರೆ. ಗಂಡು ಮಾರಾಟವಾಗದಿದ್ದರೆ ಹೆಣ್ಣನ್ನು ಸಾಕಲು ದುಡ್ಡೆಲ್ಲಿ?

ಅದಕ್ಕೆ ಈಗ ನಮ್ಮ ಫಾರ್ಮಿನಲ್ಲಿ ಸತ್ತದ್ದು, ಮಾರಿದ್ದು, ಕೊಟ್ಟದ್ದು, ಕಳೆದದ್ದು ನಾಲ್ಕೂ ಬೇರೆ ಬೇರೆ. ಕಂದು ಹಾಕಿದ್ದನ್ನು ಸಾವಿಗೆ ಸೇರಿಸಬೇಕೋ ಬಸಿರಿನ ಲೆಕ್ಕಕ್ಕೋ ಎಂಬ ಜಗಳ ಸಹೋದ್ಯೋಗಿಗಳ ಜೊತೆ ಇನ್ನೂ ನಡೆದಿದೆ. ನಾನು ಬಸಿರಿನ ಪಕ್ಷ.